ಒಡೆದ ಹೆಂಚಿನ ಜಗಲಿ

ಹೊಳೆ ಕಡಲನ್ನು ಸೇರುವ ಅಳಿವೆಯ ಬಳಿ, ಊರವರು ಪೂಜ್ಯರು ಎನ್ನುತ್ತಿದ್ದ ಸನ್ಯಾಸಿಯೊಬ್ಬರ ಕುಟೀರವಿತ್ತು. ಕುಟೀರವೆಂದರೆ ನಾಲ್ಕು ಮಣ್ಣಿನ ಗೋಡೆ, ಮೇಲೆ ತೆಂಗಿನ ಮಡಲಿನ ಮಾಡು, ಎದುರಿಗೊಂದು ಜಗಲಿ, ಇಷ್ಟೇ. ಅವರ ಪೂರ್ವಾಶ್ರಮದ ಹೆಸರನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಪಕ್ಕದ ಹೆಂಚಿನ ಕಾರ್ಖಾನೆಯವರು ಗೋಡೆಯಾಚೆ ಸುರಿದ ಒಡಕು ಹೆಂಚುಗಳನ್ನು ದಿನಕ್ಕೆ ನಾಲ್ಕೈದರಂತೆ ಹೆಕ್ಕಿ ತಂದು ಜಗಲಿಗೆ ಹಾಸುತ್ತಿದ್ದುದರಿಂದ ಜನ ಅವರನ್ನು ಹೆಂಚಿನ ಸ್ವಾಮಿಗಳೆಂದು ಕರೆದರು. ಸ್ವಾಮಿಗಳಿಗೆ ಅಷ್ಟು ಸಾಕಿತ್ತು.

ಆ ಕಾರ್ಖಾನೆಯ ಯಜಮಾನರು ದೂಮಣ್ಣ ಶೆಟ್ಟರು. ಒಳ್ಳೆಯ ಮನುಷ್ಯರೇ, ಆದರೆ ಸನ್ಯಾಸಿಗಳೆಂದರೆ ಮೈಗಳ್ಳರು ಎಂಬ ಅಭಿಪ್ರಾಯದವರು. ಆ ವರ್ಷ ಏನು ಗ್ರಹಚಾರವೋ, ಭಟ್ಟಿಯಲ್ಲಿ ಹತ್ತು ಹೆಂಚು ಸುಟ್ಟರೆ ಮೂರು ಬಿರುಕು ಬಿಡುತ್ತಿದ್ದವು. ಶೆಟ್ಟರು ಮಣ್ಣು ಬದಲಾಯಿಸಿದರು, ಸೌದೆ ಬದಲಾಯಿಸಿದರು, ಜ್ಯೋತಿಷಿಯನ್ನೂ ಬದಲಾಯಿಸಿದರು. ಒಡಕು ನಿಲ್ಲಲಿಲ್ಲ. ಹೀಗೇ ಹೋದರೆ ದೀಪಾವಳಿಗೆ ಭಟ್ಟಿ ಆರಿಸಿ ಬಾಗಿಲು ಹಾಕುವುದೇ ಸರಿ, ಎಂಬತ್ತು ಮನೆಗಳ ಅನ್ನ ಹೋಗುತ್ತದೆ ಎಂಬ ಚಿಂತೆ ಅವರನ್ನು ತಿನ್ನುತ್ತಿತ್ತು. ಕೊನೆಗೆ ಸಿಟ್ಟೆಲ್ಲ ತಿರುಗಿದ್ದು, ಇಪ್ಪತ್ತೆರಡು ವರ್ಷದಿಂದ ಪ್ರೆಸ್ಸಿನಲ್ಲಿ ಹಸಿಹೆಂಚು ಒತ್ತುತ್ತಿದ್ದ ಕೊರಗಪ್ಪನ ಮೇಲೆ.

"ನಿನ್ನ ಕೈ ಸೋಮಾರಿಯಾಗಿದೆ. ನಾಳೆಯಿಂದ ಬರಬೇಡ" ಎಂದುಬಿಟ್ಟರು.

"ನಾನೆಂತ ತಪ್ಪು ಮಾಡಿದ್ದು ಧಣಿ?" ಎಂದು ಕೇಳಿದ ಕೊರಗಪ್ಪ. ಶೆಟ್ಟರು ಮುಖ ತಿರುಗಿಸಿ ಹೊರಟುಹೋದರು. ಉತ್ತರವಿಲ್ಲದ ಕೋಪ ಬಲು ಕೆಟ್ಟದ್ದು.

ಅಂದೇ ಮಧ್ಯಾಹ್ನ ಯಾರೋ ಬಂದು, ನಿಮ್ಮ ಮನೆತನದ ಮುದ್ರೆಯಿರುವ ಹೆಂಚುಗಳನ್ನು ಸ್ವಾಮಿಗಳ ಜಗಲಿಯಲ್ಲಿ ಊರಿಗೂರೇ ತುಳಿಯುತ್ತಿದೆ ಎಂದು ಚಾಡಿ ಹೇಳಿದರು. ಶೆಟ್ಟರು ಅಂಗಿಯ ಗುಂಡಿಯನ್ನೂ ಹಾಕದೆ ಹೊರಟರು.

ಸ್ವಾಮಿಗಳು ಮಂಡಿಯೂರಿ ಹೆಂಚು ಕೂರಿಸುತ್ತಿದ್ದರು. ಶೆಟ್ಟರು ನಮಸ್ಕಾರವನ್ನೂ ಮಾಡಲಿಲ್ಲ.

"ಇದೆಂತ ಸ್ವಾಮೀ! ನನ್ನ ಮರ್ಯಾದೆಯನ್ನು ಕಂಡಕಂಡವರ ಕಾಲಡಿಗೆ ಹಾಕಿದ್ದೀರಲ್ಲ? ನನ್ನ ಕೆಲಸದವನ ಆಲಸ್ಯಕ್ಕೆ ಇಲ್ಲಿ ಪ್ರದರ್ಶನವೋ?"

ಸ್ವಾಮಿಗಳು ಕೈಯ ಹೆಂಚನ್ನು ಜಾಗಕ್ಕೆ ಸೇರಿಸಿ ತಟ್ಟಿದರು. "ನೋಡಿ ಶೆಟ್ರೇ, ಇವನ್ನು ಜೋಡಿಸುವುದು ಎಷ್ಟು ಸುಲಭ. ಎಲ್ಲವೂ ಒಡೆದದ್ದು ಒಂದೇ ಮೂಲೆಯಲ್ಲಿ. ಆಲಸ್ಯಕ್ಕೆ ಇಷ್ಟು ಶಿಸ್ತು ಇರುತ್ತದಾ?"

ಶೆಟ್ಟರು ಬಗ್ಗಿ ನೋಡಿದರು. ನೂರಾರು ಹೆಂಚು, ಎಲ್ಲದರದ್ದೂ ಮುದ್ರೆಯ ಎಡಕ್ಕಿದ್ದ ಮೂಲೆಯೇ ಹಾರಿಹೋಗಿತ್ತು. ಒಡೆದದ್ದು ಕಣ್ಣಿಗೆ ಬೀಳುವುದು ಅಪಶಕುನವೆಂದು ಅಂದಂದೇ ಗೋಡೆಯಾಚೆ ಸುರಿಸುತ್ತಿದ್ದವರು ಅವರೇ. ಹಾಗಾಗಿ ಒಂದನ್ನೂ ಅವರು ಕೈಗೆತ್ತಿ ನೋಡಿರಲಿಲ್ಲ.

ಪೂಜ್ಯರು ಕೈ ಕೊಡವಿ ಎದ್ದು ಅವರೊಡನೆ ಕಾರ್ಖಾನೆಗೆ ನಡೆದರು. ಕೊರಗಪ್ಪ ಕೊನೆಯ ದಿನದ ಕೆಲಸವನ್ನೂ ಬಿಡದೆ ಮಾಡುತ್ತಿದ್ದ. ಪ್ರೆಸ್ಸಿನ ಕೆಳಗಿನ ಅಚ್ಚನ್ನು ಎತ್ತಲು ಸ್ವಾಮಿಗಳು ಹೇಳಿದಾಗ ಅವನು ಹಿಂಜರಿದ. "ಅದನ್ನು ಧಣಿಯೇ ಎತ್ತುವುದು ಸ್ವಾಮೀ. ಆಯುಧಪೂಜೆಗೆ ಮಾತ್ರ."

ಶೆಟ್ಟರು ಎತ್ತಿದರು. ಅಚ್ಚು ಕೂರುವ ಜಾಗದ ಒಂದು ಮೂಲೆಯಲ್ಲಿ ಗಂಧ, ಕುಂಕುಮ, ಎಣ್ಣೆ ಗಟ್ಟಿಯಾಗಿ ಹಲಸಿನ ಹಪ್ಪಳದಷ್ಟು ದಪ್ಪಕ್ಕೆ ಕೂತಿತ್ತು. ಮಣ್ಣು ತಾಗಿ ಅಳಿಯಬಾರದೆಂದು ಅಚ್ಚಿನ ಅಡಿಯಲ್ಲೇ ಗಂಧ ಹಚ್ಚುವ, ಹಚ್ಚಿದ್ದನ್ನು ಒರೆಸದ ಕ್ರಮವನ್ನು ಶೆಟ್ಟರ ತಂದೆ ಹಾಕಿಕೊಟ್ಟಿದ್ದರು. ವರ್ಷ ವರ್ಷ ಪದರದ ಮೇಲೆ ಪದರ ಕೂತು ಅಚ್ಚಿನ ಆ ಮೂಲೆ ಮೇಲೆದ್ದಿತ್ತು. ಅಲ್ಲಿ ಹೆಂಚು ತೆಳುವಾಗಿ, ಬೆಂಕಿ ಕಂಡೊಡನೆ ಬಿರಿಯುತ್ತಿತ್ತು. ತಂದೆ ತೀರಿಕೊಂಡ ಮೇಲೆ ಹಚ್ಚುತ್ತಿದ್ದುದು ಶೆಟ್ಟರದೇ ಬೆರಳು.

ಶೆಟ್ಟರು ಅಚ್ಚನ್ನು ಕೆಳಗಿಟ್ಟರು. "ಒರೆಸಕೂಡದೆಂದು ತಂದೆಯವರ ಕಟ್ಟಳೆ ಸ್ವಾಮೀ."

"ದೇವರ ಮೈಮೇಲಿನ ಗಂಧವನ್ನೇ ಬೆಳಗಾದರೆ ತೊಳೆಯುತ್ತಾರೆ" ಎಂದರು ಪೂಜ್ಯರು. "ಹಚ್ಚಿದ್ದು ಭಕ್ತಿ. ತೊಳೆಯದೆ ಬಿಟ್ಟದ್ದು ಮರೆವು."

ಶೆಟ್ಟರು ಕೊರಗಪ್ಪನಿಂದ ಉಳಿ ಇಸಕೊಂಡು ತಾವೇ ಕೆರೆದರು, ತಾವೇ ನೀರು ಹಾಕಿ ತೊಳೆದರು. ಆಮೇಲೆ ಎಂಬತ್ತು ಜನರ ಎದುರು ಅವನಿಗೆ ಕೈಮುಗಿದು, "ತಪ್ಪು ನನ್ನ ಬೆರಳಿನದ್ದು ಮಾರಾಯ. ನಾಳೆ ಬಾ" ಎಂದರು. ಕೊರಗಪ್ಪ ಅತ್ತುಬಿಟ್ಟ. ಶೆಟ್ಟರ ಕಣ್ಣೂ ಒಣಗಿರಲಿಲ್ಲ.

ಮುಂದಿನ ಭಟ್ಟಿಯಲ್ಲಿ ನೂರಕ್ಕೆ ಒಂದೆರಡು ಒಡೆದವು. ಅಂದಿನಿಂದ ವಾರಕ್ಕೊಮ್ಮೆ ಅಚ್ಚು ಎತ್ತಿ ತೊಳೆಯುವುದು, ಒಡಕನ್ನು ಸುರಿಯುವ ಮೊದಲು ಅಂಗಳದಲ್ಲಿ ಹರಡಿ ಎಲ್ಲರೂ ನೋಡುವುದು ಅಲ್ಲಿಯ ಪದ್ಧತಿಯಾಯಿತು. ಅದೇ ಮಣ್ಣು, ಅದೇ ಸೌದೆ. ಹಿಂದೆಂದೂ ಕಾಣದ ಲಾಭ ಬಂತು. ದೀಪಾವಳಿಗೆ ಭಟ್ಟಿ ಆರಲಿಲ್ಲ.

ಜಗಲಿಯಲ್ಲಿ ಇನ್ನೂ ಒಂದು ಮಾರು, ಎಂದರೆ ಎರಡು ತೋಳು ಚಾಚಿದಷ್ಟು ಜಾಗ, ಹಾಸಲು ಬಾಕಿಯಿತ್ತು. ಶೆಟ್ಟರು ಒಂದು ಗಾಡಿ ಹೊಸ ಹೆಂಚು ಕಳಿಸಿದರು. ಗಾಡಿ ಹಾಗೇ ತಿರುಗಿ ಬಂತು. "ಒಳ್ಳೆಯವು ಜನರ ಮನೆ ಮಾಡಿಗೆ ಹೋಗಲಿ. ಆ ಮೂಲೆ ಒಡೆದದ್ದಿದ್ದರೆ ಕಳಿಸಿ" ಎಂದು ಪೂಜ್ಯರು ಹೇಳಿಕಳಿಸಿದ್ದರು. ಗೋಡೆಯಾಚೆ ಸುರಿದಿದ್ದ ಹಳೆಯ ಒಡಕನ್ನೆಲ್ಲ ಮಳೆಗಾಲದ ಹೊಳೆ ಕೊಚ್ಚಿಕೊಂಡು ಹೋಗಿತ್ತು. ಶೆಟ್ಟರೂ ಕೊರಗಪ್ಪನೂ ಕಾರ್ಖಾನೆಯೆಲ್ಲ ಹುಡುಕಿದರು. ಒಂದೂ ಸಿಗಲಿಲ್ಲ.

ಆ ಒಂದು ಮಾರು ಮಣ್ಣಾಗಿಯೇ ಉಳಿಯಿತು. ಶೆಟ್ಟರು ಬದುಕಿದ್ದಷ್ಟು ಕಾಲ ದರ್ಶನಕ್ಕೆ ಬಂದಾಗಲೆಲ್ಲ ಹೆಂಚು ಹಾಸಿದ ಕಡೆ ಕೂರಲಿಲ್ಲ. ಆ ಬರಿಮಣ್ಣಿಗೆ ಹಣೆ ಹಚ್ಚಿ, ಅಲ್ಲೇ ಕೂರುತ್ತಿದ್ದರು.