ಮೇಲಿನ ಮನೆಯ ಕರಾರು

"ಮಾಂಸ ತಿನ್ನೋರಿಗೆ ಮೇಲಿನ ಮನೆ ಕೊಡಲ್ಲ, ಗೋಡೆಗೆ ವಾಸನೆ ಹಿಡಿಯುತ್ತೆ!" ಎಂದು ಮಾಲೀಕ ಪುಟ್ಟಮಾದೇಗೌಡರು ನರ್ಸ್ ಫಿಲೋಮಿನಾಳನ್ನು ಗದರಿ ಅಟ್ಟಿದರು. ವಾಚ್‌ಮನ್ ದ್ಯಾವಣ್ಣನತ್ತ ತಿರುಗಿ, "ಭಾನುವಾರದೊಳಗೆ ಸಸ್ಯಾಹಾರಿಗಳನ್ನ ತರದಿದ್ರೆ ನಿನ್ನ ಕೆಲಸ ಹೋಯ್ತು" ಎಂದರು.

ದ್ಯಾವಣ್ಣನ ಮೈ ಉರಿದುಹೋಯಿತು. ವಾರವಾರ ಗೌಡರಿಗೆ ಮಟನ್ ತರುವವನೇ ಅವನು! ನಮ್ಮೂರ ನೀರು ಕುಡಿದ ಗಂಡು, ಸುಮ್ಮನಿರುತ್ತಾನೆಯೇ? ಭಾನುವಾರ ಸರಿಯಾಗಿ ಊಟದ ಹೊತ್ತಿಗೆ ನಿವೃತ್ತ ಮೇಷ್ಟ್ರೊಬ್ಬರನ್ನು ಕರೆತಂದ. ಮೇಷ್ಟ್ರು ಗೌಡರ ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು.

ದ್ಯಾವಣ್ಣ ಹೇಳಿದ: "ಮೇಷ್ಟ್ರಿಗೆ ಮನೆ ಒಪ್ಪಿಗೆಯಂತೆ ಬುದ್ಧಿ. ಆದ್ರೆ ಇನ್ಮೇಲೆ ಕೆಳಗಡೆನೂ ಮಾಂಸ ಬೇಯಿಸಲ್ಲ ಅಂತ ನೀವು ಕರಾರಲ್ಲಿ ಬರೆದುಕೊಡಬೇಕಂತೆ."

ಗೌಡರು ಕೆಂಗಣ್ಣು ಬಿಟ್ಟರು. ಬಾಯಲ್ಲಿದ್ದ ನಲ್ಲಿಮೂಳೆ ತೆಗೆದು ಗುಡುಗಿದರು:

"ಲೇ ದ್ಯಾವ, ಆ ನರ್ಸಮ್ಮನ ಫೋನ್ ನಂಬರ್ ಐತೇನೋ?"

"ಫೋನ್ ಯಾಕೆ ಬುದ್ಧಿ? ಉಕ್ಕಿಸೋಕೆ ಹಾಲು ಹಿಡ್ಕೊಂಡು ಗೇಟಲ್ಲೇ ನಿಂತವ್ರೆ."