ಹೆಪ್ಪಿನ ಗಡಿಗೆ

ಬಿಲ್ವಕಟ್ಟಿಯ ಮಠದಲ್ಲಿ ಸಿಂಹಾಸನವಿರಲಿಲ್ಲ. ಪರಮಪೂಜ್ಯ ಶಾಂತಮುನಿ ಅಜ್ಜನವರು ಬಹುಪಾಲು ದಾಸೋಹದ ಅಡುಗೆಮನೆಯಲ್ಲೇ, ಒಲೆಯ ಬದಿಗೆ ಗೋಣಿತಟ್ಟು ಹಾಸಿಕೊಂಡು, ನವಣೆಯೊಳಗಿನ ಹರಳು ಆರಿಸುತ್ತ ಕುಳಿತಿರುತ್ತಿದ್ದರು. ಬಂದವರು ಯಾರೇ ಇರಲಿ, ಪಾದಕ್ಕೆರಗಿ ಏಳುವಷ್ಟರಲ್ಲಿ ಶ್ರೀಗಳು ಕೇಳುತ್ತಿದ್ದ ಮಾತು ಒಂದೇ: “ಹೊಟ್ಟಿ ಏನಂತೈತಿ?” ಮುಕ್ತಿಯ ದಾರಿ ಕೇಳಲು ಬಂದವರಿಗೂ ಅದೇ, ಮಗಳ ಮದುವೆ ಗೊತ್ತುಮಾಡಿಕೊಂಡು ಬಂದವರಿಗೂ ಅದೇ. ಓದಿಕೊಂಡವರು ಒಳಗೊಳಗೇ ನಗುತ್ತಿದ್ದರು. ಅಂಥ ಮಹಾಜ್ಞಾನಿಗಳು ಆತ್ಮವನ್ನು ಬಿಟ್ಟು ಹೊಟ್ಟೆಯನ್ನೇಕೆ ವಿಚಾರಿಸುತ್ತಾರೆಂಬ ಕುತೂಹಲ ನನಗೂ ಬಹಳ ಕಾಲ ಇತ್ತು. ರಾಚಯ್ಯ ಶಾಸ್ತ್ರಿಗಳ ಪ್ರಸಂಗ ಕೇಳಿದ ಮೇಲೆ ಅದು ತಣಿಯಿತು.

ರಾಚಯ್ಯ ಶಾಸ್ತ್ರಿಗಳು ಪಕ್ಕದ ಪೇಟೆಯಲ್ಲಿ ಪ್ರತಿ ಶ್ರಾವಣ ಪುರಾಣ ಹೇಳುತ್ತಿದ್ದರು. ‘ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ’ ಎಂಬ ಗಾದೆ ಅವರಿಗೆ ಸಲ್ಲದು. ಅವರು ನುಡಿದಂತೆ ನಡೆಯುವವರು, ಸ್ವಲ್ಪ ಹೆಚ್ಚಾಗಿಯೇ ನಡೆಯುವವರು. ಶ್ರಾವಣವೆಂದರೆ ಮನೆಮನೆಯಲ್ಲಿ ಅವರಿಗೆ ಪಾದಪೂಜೆ, ಆಮೇಲೆ ಪ್ರಸಾದ. ಒಂದು ಮನೆಯ ಹೋಳಿಗೆ ಗಂಟಲಿಳಿಯುವ ಮೊದಲೇ ಇನ್ನೊಂದು ಮನೆಯ ಕಡುಬು ಕಾದಿರುತ್ತಿತ್ತು. ಪ್ರಸಾದವನ್ನು ಒಲ್ಲೆ ಎನ್ನಬಾರದು, ತಾಟಿಗೆ ಬಿದ್ದದ್ದನ್ನು ಬಿಡಬಾರದು, ತಾಟು ತೊಳೆದ ನೀರನ್ನೂ ಕುಡಿಯಬೇಕು. ಶಾಸ್ತ್ರಿಗಳು ಇದರಲ್ಲಿ ಎಳ್ಳಷ್ಟೂ ತಪ್ಪುತ್ತಿರಲಿಲ್ಲ.

ಬರಬರುತ್ತ ಅವರಿಗೆ ನಿದ್ದೆ ದೂರವಾಯಿತು. ತಲೆ ಭಾರ, ಎದೆಯುರಿ, ಮಾತುಮಾತಿಗೆ ಸಿಟ್ಟು. ಬಾಯಿಪಾಠವಿದ್ದ ಪದ್ಯಗಳು ಪೀಠದ ಮೇಲೆ ಕೈಕೊಡತೊಡಗಿದವು. ಒಂದು ಸಂಜೆ ಸಭೆಯಲ್ಲಿ ಕೈಗೂಸೊಂದು ಅತ್ತಾಗ, ಅದರ ತಾಯಿಯನ್ನು ಎಲ್ಲರೆದುರು ಗದರಿಸಿ ಎಬ್ಬಿಸಿ ಕಳಿಸಿಬಿಟ್ಟರು. ಮನೆಗೆ ಹೋಗಿ ತಾವೇ ಅತ್ತರು. ತಮ್ಮೊಳಗಿನ ಭಕ್ತಿಯೇ ಬತ್ತಿತೆಂದು ಅವರಿಗೆ ಖಾತ್ರಿಯಾಯಿತು. ಮರುದಿನದ ಪುರಾಣವನ್ನು ಶಿಷ್ಯರಿಗೊಪ್ಪಿಸಿ, ಪೀಠವನ್ನೇ ಬಿಟ್ಟುಬಿಡುವ ಅಪ್ಪಣೆ ಬೇಡಲು ಬೆಳಗಿನ ಜಾವವೇ ಬಿಲ್ವಕಟ್ಟಿಗೆ ನಡೆದರು.

ಶ್ರೀಗಳು ಎಂದಿನಂತೆ ಹೊಟ್ಟೆಯ ಕುಶಲ ಕೇಳಿದರು. ಶಾಸ್ತ್ರಿಗಳಿಗೆ ಕೆಡುಕೆನಿಸಿತು. ತಾವು ಬಂದದ್ದು ಮನಸ್ಸಿನ ಬೇನೆಗೆ, ಹೊಟ್ಟೆಯ ಮಾತು ವೈದ್ಯರಿಗಿರಲಿ ಎಂದು ತುಸು ಬಿರುಸಾಗಿಯೇ ಹೇಳಿ, ನಡೆದುದನ್ನೆಲ್ಲ ತೋಡಿಕೊಂಡರು. ಶ್ರೀಗಳು ಆಗತಾನೆ ಹೆಪ್ಪು ಹಾಕಿದ್ದ ಹಾಲಿನ ಗಡಿಗೆಯೊಂದನ್ನು ಅವರ ಮುಂದೆ ಸರಿಸಿದರು.

“ಭಕ್ತರು ಹಾಲು ತರತಾರ. ಒಲ್ಲೆ ಅಂದ್ರ ಅವರ ಮನಸ್ಸು ನೋಯ್ತೈತಿ. ಬಂದದ್ದೆಲ್ಲಾ ಇದರಾಗ ಸುರೀರಿ.”

ಶಾಸ್ತ್ರಿಗಳಿಗೆ ಸೋಜಿಗವಾಯಿತು. ಆದರೆ ಗುರುವಾಕ್ಯ ಮೀರುವವರಲ್ಲ. ದಿನವಿಡೀ ಯಾರ್ಯಾರೋ ಬಂದರು, ಚೆಂಬಿನಲ್ಲಿ ಒಬ್ಬರು, ತಂಬಿಗೆಯಲ್ಲಿ ಒಬ್ಬರು. ಪ್ರತಿಸಲವೂ ಶಾಸ್ತ್ರಿಗಳು ಮುಚ್ಚಳ ತೆಗೆದು ಸುರಿದರು. ಸಂಜೆ ಶ್ರೀಗಳು ಗಡಿಗೆ ತೆರೆಸಿದಾಗ ಅದು ಹಾಲೂ ಆಗಿರಲಿಲ್ಲ, ಮೊಸರೂ ಆಗಿರಲಿಲ್ಲ. ಹುಳಿನಾತ ಬಡಿಯುತ್ತಿತ್ತು. ಬೆಳಗಿನಿಂದ ಅದುಮಿಟ್ಟುಕೊಂಡ ಸಿಟ್ಟು ಶಾಸ್ತ್ರಿಗಳ ಬಾಯಿಗೆ ಬಂದೇಬಿಟ್ಟಿತು.

“ಹೆಂಗ ಹೆಪ್ಪಾಗಬೇಕ್ರೀ ಅಜ್ಜಾರ? ಒಂದು ಗಳಿಗಿ ಅದನ್ನ ಅದರ ಪಾಡಿಗೆ ಬಿಟ್ಟೀವೇನು?”

ಶ್ರೀಗಳು ಗಡಿಗೆಯನ್ನು ನೋಡಲಿಲ್ಲ, ಶಾಸ್ತ್ರಿಗಳ ಹೊಟ್ಟೆಯನ್ನು ನೋಡಿದರು. ಶಾಸ್ತ್ರಿಗಳ ಸಿಟ್ಟು ಅಲ್ಲೇ ಇಳಿಯಿತು. ಅವರು ಮೆಲ್ಲಗೆ, ಪ್ರಸಾದವನ್ನು ಬೇಡವೆಂದರೆ ಪಾಪವಲ್ಲವೇ ಎಂದು ಕೇಳಿದರು. ಅವರಿಗೆ ಅದೊಂದೇ ಭಯ.

“ತಾಟಿಗೆ ಬಿದ್ದದ್ದು ಬಿಡಬ್ಯಾಡ್ರಿ,” ಎಂದರು ಶ್ರೀಗಳು. “ಬೀಳೂಕಿಂತ ಮೊದಲು ಒಳಗ ಕುಂತಾವನ್ನ ಒಂದು ಮಾತು ಕೇಳ್ರಿ. ನೈವೇದ್ಯ ಅವಂದು.”

ಅಂದು ಶಾಸ್ತ್ರಿಗಳಿಗೆ ಸಿಕ್ಕಿದ್ದು ನವಣೆಯ ಗಂಜಿ, ನೀರುಮಜ್ಜಿಗೆ. ಎಷ್ಟೋ ಕಾಲದ ಮೇಲೆ ಅವರು ಹಸಿದು ಉಂಡರು. ಪೀಠ ಬಿಡುವ ಅಪ್ಪಣೆ ಕೇಳುವುದು ಮರೆತೇ ಹೋಯಿತು.

ಪೇಟೆಗೆ ಮರಳಿದ ಮೇಲೆ ಅವರು ಬಡಿಸುವ ಸೌಟಿಗೆ ಕೈ ಅಡ್ಡ ಹಿಡಿಯುವುದನ್ನು ಕಲಿತರು. ಮೊದಮೊದಲು ಮನೆಯವರ ಮುಖ ಸಪ್ಪಗಾಗುತ್ತಿತ್ತು. ಗುರಬಸವ್ವ ಎಂಬ ವೃದ್ಧೆಯ ಮನೆ ಅವರ ಪಾದಪೂಜೆಗೆ ಯಾವಾಗಲೂ ಕಡೆಯದು. ಆ ಮನೆಯಲ್ಲಿ ಅಂಗೈಯಗಲದ ಹೋಳಿಗೆಯ ಚೂರೊಂದನ್ನು ನಿಧಾನವಾಗಿ ಅಗಿದು, ಹೂರಣಕ್ಕೆ ಜಾಜಿಕಾಯಿ ತೇಯ್ದಿದ್ದೀರಾ ಎಂದು ಕೇಳಿದರು. ಮುದುಕಿಯ ಕಣ್ಣು ತುಂಬಿತು.

“ಇಷ್ಟು ವರ್ಷ ಉಂಡು ಹೋಗ್ತಿದ್ರಿ ಅಯ್ಯನವರ. ರುಚಿ ನೋಡಿದ್ದು ಇವತ್ತ.”

ಶ್ರಾವಣ ಮುಗಿಯುವ ಹೊತ್ತಿಗೆ ನಿದ್ದೆ ಮರಳಿತು, ಪದ್ಯಗಳು ಮರಳಿದವು. ಪುರಾಣ ಮುಗಿಯುವ ಮಂಗಲದ ಸಂಜೆ ಸಭೆ ಕಿಕ್ಕಿರಿದಿತ್ತು. ಹಿಂದೆ ಗದರಿಸಿಕೊಂಡಿದ್ದ ಆ ತಾಯಿ ಬಾಗಿಲ ಹತ್ತಿರವೇ ಅಂಜುತ್ತ ಕುಳಿತಿದ್ದಳು. ಕಥೆ ರಂಗೇರಿದಾಗಲೇ ಕೂಸು ಅಳಲು ಹತ್ತಿತು. ಅವಳು ಗಡಬಡಿಸಿ ಎದ್ದಳು. ಎಲ್ಲರೂ ಪೀಠದತ್ತ ನೋಡಿದರು. ಶಾಸ್ತ್ರಿಗಳು ಪುರಾಣದ ಹೊತ್ತಿಗೆಯನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು.

“ಕುಂದರವ್ವಾ. ಮೊದಲು ಕೂಸಿನ ಹೊಟ್ಟಿ ಏನಂತೈತಿ ಕೇಳು. ಅಲ್ಲೀತನಕ ನಾವೆಲ್ಲಾ ಸುಮ್ಮನ ಕುಂತಿರತೀವಿ.”