ಮಹಾರಾಜರ ಕತ್ತಿ

ಬೇಸಿಗೆ ರಜೆಯಲ್ಲಿ ಊರಿನ ಮ್ಯೂಸಿಯಮ್ಮಿನಲ್ಲಿ ಕೆಲಸ ಕಲಿಯಲು ಬಂದ ವಿದ್ಯಾರ್ಥಿನಿ ಮೇದಿನಿಗೆ ಏನಾದರೂ ದೊಡ್ಡದನ್ನು ಪತ್ತೆಹಚ್ಚುವ ಆಸೆ. ತುಕ್ಕು ಹಿಡಿದ ಕತ್ತಿಯೊಂದನ್ನು ಒರೆಸುತ್ತ, "ನೀವು ಯಾರ ಕೈಯಲ್ಲಿದ್ದಿರಿ?" ಎಂದು ಕೇಳಿದಳು.

"ಮಹಾರಾಜರ ಕೈಯಲ್ಲಿ! ಯುದ್ಧದಲ್ಲಿ ನೂರಾರು ತಲೆ ಉರುಳಿಸಿದ್ದೇನೆ" ಎಂದು ಕತ್ತಿ ಬೀಗಿತು.

ಮೇದಿನಿ ಹಿಗ್ಗಿಹೋದಳು. "ಹಾಗಾದರೆ ನಿಮ್ಮನ್ನು ಹೊರಗಿಡುವುದು ಅಪಾಯ. ಇಂದೇ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಸುತ್ತೇನೆ. ಇನ್ನು ನಿಮ್ಮನ್ನು ಯಾರೂ ನೋಡಲಾರರು."

"ತಡಿಯಮ್ಮಾ!" ಕತ್ತಿ ಗಡಗಡ ನಡುಗಿತು. "ಮಹಾರಾಜ ಅನ್ನುವುದು ನಮ್ಮ ಅಡುಗೆಯವನ ಹೆಸರು. ಯುದ್ಧ ಅಂದರೆ ಮದುವೆಮನೆ. ಉರುಳಿದ್ದೆಲ್ಲ ಹಲಸಿನಕಾಯಿ!"

ಮೇದಿನಿಯ ಮುಖ ಬಾಡಿತು, ಆಮೇಲೆ ನಗು ತಡೆಯಲಾಗಲಿಲ್ಲ. ಕತ್ತಿ ಹೇಳಿದ್ದನ್ನು ಹಾಗೆಯೇ ಚೀಟಿಯಲ್ಲಿ ಬರೆದು ಅದರ ಪಕ್ಕದಲ್ಲಿಟ್ಟಳು. ಈಗ ಜನ ಮ್ಯೂಸಿಯಮ್ಮಿನ ಬಾಗಿಲಲ್ಲೇ ಇಟ್ಟಿರುವ ರಾಜರ ಕಿರೀಟವನ್ನು ದಾಟಿ ಬಂದು ಕತ್ತಿಯ ಮುಂದೆ ನಿಲ್ಲುತ್ತಾರೆ. ನಿಂತವರಿಗೆಲ್ಲ ಹಸಿವಾಗುತ್ತದೆ.